ಕೊಲೆಗಾರ ಅರ್ಧಕ್ಕೇ ಗೊತ್ತಾಗಿಬಿಟ್ಟರೆ ಮುಂದೇನು ಓದುವುದು?

ಪತ್ತೇದಾರಿ ಮತ್ತು ಗೋಥಿಕ್ (ಹಳೆಯ ಮನೆ, ಗುಟ್ಟು, ಭಯಗಳ ಸುತ್ತ ಹೆಣೆದ) ಕಾದಂಬರಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಯಾವ ಉತ್ತರದಲ್ಲೂ ಕೊಲೆಗಾರನ ಹೆಸರು ಬಾಯಿಬಿಟ್ಟಿಲ್ಲ, ಧೈರ್ಯವಾಗಿ ಓದಬಹುದು.

ಪ್ರಶ್ನೆ: ಅಗಾಥಾ ಕ್ರಿಸ್ಟಿಯ ಮೂವತ್ತಕ್ಕೂ ಹೆಚ್ಚು ಕಾದಂಬರಿ ಮುಗಿಸಿದ್ದೇನೆ. ಈಚೆಗೆ ಅರ್ಧ ಪುಸ್ತಕಕ್ಕೇ ಕೊಲೆಗಾರ ಯಾರೆಂದು ಹೊಳೆದುಬಿಡುತ್ತದೆ. ಇದಕ್ಕಿಂತ ಜಟಿಲವಾದದ್ದು ಯಾವುದಿದೆ?

ಜಟಿಲವಾದದ್ದು ಬೇಡ, ಬೇರೆ ಥರದ್ದು ಬೇಕು. ಒಬ್ಬರನ್ನೇ ಮೂವತ್ತು ಸಲ ಓದಿದ ಮೇಲೆ ನೀವು ಹಿಡಿಯುತ್ತಿರುವುದು ಸುಳಿವನ್ನಲ್ಲ, ಲೇಖಕಿಯ ಕೈಚಳಕವನ್ನು. ಯಾರ ಮೇಲೆ ಅನುಮಾನ ಬರದಂತೆ ಜೋಪಾನ ಮಾಡಿದ್ದಾರೆ, ಯಾರ ಅಲಿಬಿ (ಕೊಲೆಯ ಹೊತ್ತಿಗೆ ಬೇರೆಡೆ ಇದ್ದೆ ಎಂಬ ಪುರಾವೆ) ಅತಿಯಾಗಿ ಅಚ್ಚುಕಟ್ಟಾಗಿದೆ ಅನ್ನುವುದು ನಿಮಗೀಗ ವಾಸನೆಯಲ್ಲೇ ಗೊತ್ತಾಗುತ್ತದೆ. ಶಂಕಿತರ ಸಂಖ್ಯೆ ಹತ್ತರಿಂದ ಇಪ್ಪತ್ತಕ್ಕೆ ಏರಿದರೂ ಇದೇ ಹಣೆಬರಹ.

ಅದಕ್ಕೇ ‘ಯಾರು’ ಎಂಬ ಪ್ರಶ್ನೆಯೇ ಇಲ್ಲದ ಪುಸ್ತಕಕ್ಕೆ ಬನ್ನಿ. ಫ್ರಾನ್ಸಿಸ್ ಐಲ್ಸ್ ಬರೆದ ‘ಮ್ಯಾಲಿಸ್ ಅಫೋರ್‌ಥಾಟ್’ (1931) ತನ್ನ ಮೊದಲ ವಾಕ್ಯದಲ್ಲೇ ಡಾಕ್ಟರೊಬ್ಬ ಹೆಂಡತಿಯನ್ನು ಕೊಲ್ಲಲು ತೀರ್ಮಾನಿಸಿದ್ದಾನೆ ಎಂದು ಹೇಳಿಬಿಡುತ್ತದೆ. ಸಿಕ್ಕಿಬೀಳುತ್ತಾನೋ ಇಲ್ಲವೋ ಅನ್ನುವುದಷ್ಟೇ ಉಳಿಯುವ ಕುತೂಹಲ, ಅದರಲ್ಲೇ ಮುನ್ನೂರು ಪುಟ ಓಡುತ್ತದೆ. ಪ್ಯಾಟ್ರೀಷಿಯಾ ಹೈಸ್ಮಿತ್‌ಳ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ (1955) ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಪೊಲೀಸರು ಬಾಗಿಲು ತಟ್ಟಿದರೆ ಎದೆ ಹೊಡೆದುಕೊಳ್ಳುವುದು ನಿಮ್ಮದು, ಅದೂ ಕೊಲೆಗಾರನ ಪರವಾಗಿ. ಕೀಗೊ ಹಿಗಾಶಿನೊನ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ (2005) ಕೂಡ ಕೊಲೆಯನ್ನು ಶುರುವಿನ ಪುಟಗಳಲ್ಲೇ ಕಣ್ಣೆದುರು ತೋರಿಸುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಮುಚ್ಚಿಹಾಕಲು ನಿಲ್ಲುತ್ತಾರೆ. ಎಲ್ಲ ಗೊತ್ತಿದೆ ಅಂದುಕೊಂಡೇ ಓದುತ್ತೀರಿ, ಕ್ರಿಸ್ಟಿಯಲ್ಲಿ ಪಳಗಿದ ಕಣ್ಣು ಅಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಒಗಟೇ ಬೇಕೆಂದರೆ ಜಾನ್ ಡಿಕ್ಸನ್ ಕಾರ್‌ನ ‘ದಿ ಹಾಲೊ ಮ್ಯಾನ್’ (1935). ಒಳಗಿಂದ ಬೀಗ ಹಾಕಿದ ಕೋಣೆಯ ಕೊಲೆಗಳಲ್ಲಿ ಇದು ಪಾಠದ ಪುಸ್ತಕವಿದ್ದಂತೆ. 17ನೇ ಅಧ್ಯಾಯದಲ್ಲಿ ಪತ್ತೇದಾರ ಡಾಕ್ಟರ್ ಫೆಲ್ ಕಥೆಯನ್ನು ನಿಲ್ಲಿಸಿ, ನಾವೆಲ್ಲ ಪತ್ತೇದಾರಿ ಕಾದಂಬರಿಯೊಳಗೇ ಇದ್ದೇವೆ ಎಂದು ಒಪ್ಪಿಕೊಂಡು, ಬೀಗದ ಕೋಣೆಯಲ್ಲಿ ಕೊಲೆ ಮಾಡುವ ಬಗೆಗಳ ಮೇಲೆ ಭಾಷಣ ಬಿಗಿಯುತ್ತಾನೆ. ಅಮೆರಿಕದಲ್ಲಿ ಇದೇ ಪುಸ್ತಕದ ಹೆಸರು ‘ದಿ ತ್ರೀ ಕಾಫಿನ್ಸ್’. ಎರಡನ್ನೂ ಕೊಂಡು ಪೇಚಾಡಿದವರಿದ್ದಾರೆ. ಕ್ರಿಸ್ಟಿಯಲ್ಲೂ ಈ ತೊಂದರೆ ಉಂಟು: ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಅಮೆರಿಕದಲ್ಲಿ ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’ ಎಂದು ಬಂದಿತ್ತು. ಹಳೆಯ ಪ್ರತಿ ಕೊಳ್ಳುವ ಮುಂಚೆ ಹಕ್ಕುಸ್ವಾಮ್ಯದ ಪುಟದಲ್ಲಿ ಮೂಲ ಶೀರ್ಷಿಕೆ ನೋಡಿಕೊಳ್ಳಿ.

ಪ್ರಶ್ನೆ: ಗೋಥಿಕ್ ಸಾಹಿತ್ಯವನ್ನು ಬುಡದಿಂದಲೇ ಓದೋಣ ಎಂದು ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಹಿಡಿದೆ. ಶುರುವಿನಲ್ಲೇ ಭಾರೀ ಗಾತ್ರದ ಶಿರಸ್ತ್ರಾಣವೊಂದು ಬಿದ್ದು ಮದುಮಗ ಅಪ್ಪಚ್ಚಿಯಾದ. ಹೆದರಿಕೆಯ ಬದಲು ನಗು ಬಂತು. ಗೋಥಿಕ್ ನನಗೆ ಒಗ್ಗುವುದಿಲ್ಲವೇ?

ನಗು ಬಂದದ್ದು ತಪ್ಪಲ್ಲ, ಕಾಲಾನುಕ್ರಮದಲ್ಲಿ ಓದಲು ಹೊರಟದ್ದು ತಪ್ಪು. ಹೊರೇಸ್ ವಾಲ್ಪೋಲ್ 1764ರಲ್ಲಿ ಈ ಪುಸ್ತಕವನ್ನು ಹಳೆಯ ಇಟಾಲಿಯನ್ ಬರಹವೊಂದರ ಅನುವಾದ ಎಂದು ಸುಳ್ಳು ಹೇಳಿ ಹೊರತಂದ. ಮರುವರ್ಷ ಎರಡನೇ ಮುದ್ರಣದಲ್ಲಿ ತನ್ನದೇ ಎಂದು ಒಪ್ಪಿಕೊಂಡು ‘ಗೋಥಿಕ್ ಕಥೆ’ ಎಂಬ ಉಪಶೀರ್ಷಿಕೆ ಸೇರಿಸಿದ. ಸಾಹಿತ್ಯ ಚರಿತ್ರೆಗೆ ದೊಡ್ಡ ಪುಸ್ತಕ, ರಾತ್ರಿ ಓದಿಗೆ ಸಣ್ಣದು.

ಹಿಂದುಮುಂದಾಗಿ ಓದಿ. ಡಾಫ್ನೆ ದ್ಯು ಮೋರಿಯೆಯ ‘ರೆಬೆಕ್ಕಾ’ (1938) ಮೊದಲು, ಆಮೇಲೆ ‘ಜೇನ್ ಐರ್’ (1847), ಆಮೇಲೆ ‘ಫ್ರಾಂಕೆನ್‌ಸ್ಟೈನ್’ (1818), ಕೊನೆಗೆ ಆನ್ ರ್‍ಯಾಡ್‌ಕ್ಲಿಫ್‌ಳ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ (1794). ಇಷ್ಟಾದ ಮೇಲೆ ಒಟ್ರಾಂಟೊಗೆ ಮರಳಿದರೆ ಒಂದು ಸಂಜೆಯ ಕೆಲಸ, ಆಗ ಆ ಶಿರಸ್ತ್ರಾಣದ ಮೇಲೂ ಪ್ರೀತಿ ಬರುತ್ತದೆ.

‘ರೆಬೆಕ್ಕಾ’ ಯಾಕೆ ಮೊದಲು? ಅಲ್ಲಿ ದೆವ್ವವೂ ಇಲ್ಲ, ಮೇಲಿಂದ ಬೀಳುವ ವಸ್ತುವೂ ಇಲ್ಲ. ಕಥೆ ಹೇಳುವ ಎರಡನೇ ಹೆಂಡತಿಗೆ ಕಾದಂಬರಿ ಮುಗಿದರೂ ಹೆಸರು ಸಿಗುವುದಿಲ್ಲ. ಸತ್ತ ಮೊದಲ ಹೆಂಡತಿಯ ಹೆಸರು ಮಾತ್ರ ಮುಖಪುಟದಿಂದಲೇ ಶುರು. ಒಂದು ಸಣ್ಣ ಪ್ರಸಂಗ ನೋಡಿ. ಹೊಸ ಹೆಂಡತಿ ಬೆಳಗಿನ ಕೋಣೆಯಲ್ಲಿ ಪಿಂಗಾಣಿಯ ಗೊಂಬೆಯೊಂದನ್ನು ಕೈತಪ್ಪಿ ಒಡೆಯುತ್ತಾಳೆ. ಚೂರುಗಳನ್ನು ಆರಿಸಿ ಮೇಜಿನ ಡ್ರಾಯರ್‌ನ ಒಳಮೂಲೆಗೆ ತುರುಕಿ ಮುಚ್ಚುತ್ತಾಳೆ. ಆಮೇಲೆ ಅನುಮಾನ ಆಳೊಬ್ಬನ ಮೇಲೆ ಬಂದು ವಿಷಯ ಹೊರಬೀಳುತ್ತದೆ. ಯಜಮಾನಿ ತನ್ನದೇ ಮನೆಯಲ್ಲಿ ಕೆಲಸದವಳಂತೆ ಹೆದರಿಕೊಂಡಿದ್ದಾಳೆ! ಒಡೆದ ಗೊಂಬೆಯಷ್ಟರಿಂದಲೇ ಆ ಮನೆ ಇನ್ನೂ ಯಾರದ್ದು ಅನ್ನುವುದು ತಿಳಿದುಹೋಗುತ್ತದೆ. ಗೋಥಿಕ್‌ಗೆ ಬೇಕಾದದ್ದು ಇಷ್ಟೇ: ಏನನ್ನೋ ಬಚ್ಚಿಟ್ಟುಕೊಂಡ ಮನೆ, ಕೇಳುವ ಅಧಿಕಾರವಿಲ್ಲದೆ ಒಳಬಂದ ಹೊಸಬರು, ಗೊತ್ತಿದ್ದೂ ಬಾಯಿಬಿಡದ ಒಬ್ಬರು. ಕೋಟೆ, ಬಾವಲಿ, ಸಿಡಿಲು ಎಲ್ಲ ಮೇಲಿನ ಅಲಂಕಾರ.

ಪುಸ್ತಕ ಆರಿಸುವಾಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ದೆವ್ವ ಇತ್ತೋ ಇಲ್ಲವೋ ಅನ್ನುವುದು ಕೊನೆಗೆ ನನಗೆ ಗೊತ್ತಾಗಲೇಬೇಕೇ? ಬೇಕು ಅನ್ನುವವರಿಗೆ ರ್‍ಯಾಡ್‌ಕ್ಲಿಫ್, ಅವಳು ಪ್ರತಿ ಸದ್ದಿಗೂ ನೆರಳಿಗೂ ಲೌಕಿಕ ಕಾರಣ ಕೊಟ್ಟೇ ಬಿಡುತ್ತಾಳೆ. ಪಿಶಾಚಿ ಎದುರು ಬಂದು ನಿಲ್ಲಲಿ ಅನ್ನುವವರಿಗೆ ಮ್ಯಾಥ್ಯೂ ಲೂಯಿಸ್‌ನ ‘ದಿ ಮಾಂಕ್’ (1796). ಉತ್ತರ ಸಿಗದಿದ್ದರೂ ನಿದ್ದೆ ಬರುತ್ತದೆ ಅನ್ನುವವರಿಗೆ ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ (1898), ಶರ್ಲಿ ಜಾಕ್ಸನ್‌ಳ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959). ಈ ಪ್ರಶ್ನೆ ಕೇಳದೆ ಜೇಮ್ಸ್‌ನನ್ನು ಕೈಗಿಟ್ಟರೆ ಹತ್ತರಲ್ಲಿ ಆರು ಜನ ಮೋಸ ಹೋದೆ ಎಂದು ಪುಸ್ತಕ ವಾಪಸು ಕೊಡುತ್ತಾರೆ.

ಉಡಾಲ್ಫೊ ಬಗ್ಗೆ ಒಂದು ಎಚ್ಚರಿಕೆ. ನಾಲ್ಕು ಸಂಪುಟಗಳ ಆ ಕಾದಂಬರಿಯಲ್ಲಿ ನಾಯಕಿ ಎಮಿಲಿ ಕೋಟೆಗೆ ಬಂದು ಸೇರುವುದೇ ಎರಡನೇ ಸಂಪುಟದಲ್ಲಿ. ಮೊದಲ ಸಂಪುಟದ ತುಂಬ ಬೆಟ್ಟ, ಸೂರ್ಯಾಸ್ತ, ಪದ್ಯ. ಪದ್ಯಗಳನ್ನು ಹಾರಿಸಿ ಓದಿ, ಕಥೆಗೆ ಏನೂ ನಷ್ಟವಿಲ್ಲ. ಆದರೆ ಕಪ್ಪು ತೆರೆಯ ಪ್ರಸಂಗವನ್ನು ಹಾರಿಸಬೇಡಿ: ಎಮಿಲಿ ತೆರೆ ಸರಿಸಿ ನೋಡಿ ಮೂರ್ಛೆ ಬೀಳುತ್ತಾಳೆ, ಅವಳು ಕಂಡದ್ದೇನೆಂದು ನಮಗೆ ತಿಳಿಯುವುದು ನಾಲ್ಕನೇ ಸಂಪುಟದ ಕೊನೆಗೆ.

ಪ್ರಶ್ನೆ: ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಹತ್ತಾರು ಪ್ರಕಾಶನಗಳಲ್ಲಿ ಸಿಗುತ್ತವೆ. ಯಾವುದನ್ನು ಕೊಂಡರೂ ಒಂದೇನಾ?

ಅಲ್ಲ. ಸಂಕ್ಷಿಪ್ತ ಪ್ರತಿಗಳಲ್ಲಿ ಹಾಗೆಂದು ಮುಖಪುಟದ ಮೇಲೆ ಬರೆಯುವವರು ಕಡಿಮೆ. ಸುಲಭ ಪರೀಕ್ಷೆ ಅಧ್ಯಾಯ ಎಣಿಸುವುದು. ‘ಡ್ರಾಕುಲಾ’ (1897) 27 ಅಧ್ಯಾಯ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ. ಇನ್ನೊಂದು ಗುರುತು: ಪೂರ್ತಿ ಪುಸ್ತಕ ಡೈರಿ, ಪತ್ರ, ತಂತಿ, ಪತ್ರಿಕೆಯ ತುಣುಕುಗಳಲ್ಲೇ ಇದೆ. ‘ಜೋನಾಥನ್ ಕೋಟೆಗೆ ಹೋದನು’ ಎಂದು ಬೇರೆ ಯಾರೋ ಕಥೆ ಹೇಳುವಂತೆ ಶುರುವಾದರೆ ಅದು ಮಕ್ಕಳಿಗೆ ಬರೆದ ಸಾರಾಂಶ.

‘ಫ್ರಾಂಕೆನ್‌ಸ್ಟೈನ್’ ವಿಷಯ ಬೇರೆ. ಅದಕ್ಕೆ ಎರಡು ಮೂಲಗಳಿವೆ, ಎರಡೂ ಮೇರಿ ಶೆಲ್ಲಿಯವೇ. 1818ರದ್ದು ಮೂರು ಸಂಪುಟ, ಪ್ರತಿ ಸಂಪುಟಕ್ಕೂ ಅಧ್ಯಾಯದ ಲೆಕ್ಕ ಒಂದರಿಂದ ಶುರು. 1831ರದ್ದು ಒಂದೇ ಓಟದಲ್ಲಿ 24 ಅಧ್ಯಾಯ. ಎಲಿಜಬೆತ್ 1818ರಲ್ಲಿ ಕಥಾನಾಯಕ ವಿಕ್ಟರ್‌ನ ಸೋದರ ಸಂಬಂಧಿ, 1831ರಲ್ಲಿ ಸಾಕಲು ತಂದ ಅನಾಥೆ. ಮೊದಲ ಓದಿಗೆ 1818ರ ಆವೃತ್ತಿಯೇ ಚುರುಕು ಅನ್ನುವುದು ನಮ್ಮ ಅಭಿಪ್ರಾಯ. 1831ರಲ್ಲಿ ವಿಧಿಯ ಮೇಲೆ ಭಾರ ಹಾಕುವುದು ಹೆಚ್ಚು. ಆದರೆ 1816ರ ಬೇಸಿಗೆಯಲ್ಲಿ ಕಥೆ ಹುಟ್ಟಿದ ಬಗೆಯನ್ನು ಲೇಖಕಿಯೇ ಹೇಳುವ ಮುನ್ನುಡಿ ಇರುವುದು 1831ರದ್ದರಲ್ಲಿ.

ಪ್ರಾಧ್ಯಾಪಕರು ಬರೆದ ಮುನ್ನುಡಿಯನ್ನು ಮಾತ್ರ ಕೊನೆಗೆ ಓದಿ. ಎರಡನೇ ಪ್ಯಾರಾದಲ್ಲೇ ಯಾರು ಸಾಯುತ್ತಾರೆಂದು ಹೇಳಿ ಮುಗಿಸಿರುತ್ತಾರೆ.

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ದಪ್ಪ ಕಾದಂಬರಿ ಇಟ್ಟುಕೊಂಡರೆ ಅರ್ಧ ಜನ ನಡುವೆಯೇ ಬಿಡುತ್ತಾರೆ. ಐನೂರು ಪುಟ ದಾಟಿಸುವ ಪತ್ತೇದಾರಿ ಇದೆಯೇ?

ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868). ಡಿಕನ್ಸ್ ಸಂಪಾದಿಸುತ್ತಿದ್ದ ವಾರಪತ್ರಿಕೆಯಲ್ಲಿ ಜನವರಿಯಿಂದ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬಂದ ಕಾದಂಬರಿ ಇದು. ಮುಂದಿನ ವಾರದವರೆಗೆ ಓದುಗರನ್ನು ಹಿಡಿದಿಡಲೆಂದೇ ಬರೆದದ್ದು, ಹಾಗಾಗಿ ಕಂತಿನಲ್ಲಿ ಓದಿದರೇ ರುಚಿ. ಪೀಠಿಕೆ ನಡೆಯುವುದು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ, ಮೂನ್‌ಸ್ಟೋನ್ ಎಂಬ ವಜ್ರ ಕಳ್ಳತನವಾಗುವುದು ಅರ್ಧ ಶತಮಾನದ ನಂತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಮನೆಯಲ್ಲಿ.

ನಾಲ್ಕು ಸಭೆಗೆ ಹೀಗೆ ಹಂಚಿ. ಮೊದಲನೆಯದಕ್ಕೆ ಪೀಠಿಕೆಯಿಂದ ಪತ್ತೇದಾರ ಸಾರ್ಜೆಂಟ್ ಕಫ್ ಬರುವವರೆಗೆ. ಎರಡನೆಯದಕ್ಕೆ ಮನೆಯ ಹಳೇ ಮೇಲ್ವಿಚಾರಕ ಬೆಟರೆಜ್ ಹೇಳುವ ಭಾಗ ಪೂರ್ತಿ, ಅಂದರೆ 23ನೇ ಅಧ್ಯಾಯದ ಕೊನೆಗೆ. ಮೂರನೆಯದಕ್ಕೆ ಮಿಸ್ ಕ್ಲ್ಯಾಕ್ ಮತ್ತು ವಕೀಲ ಬ್ರಫ್ ಹೇಳಿಕೆಗಳು. ಮಿಕ್ಕಿದ್ದೆಲ್ಲ ನಾಲ್ಕನೆಯದಕ್ಕೆ. ಅಲ್ಲಿಂದ ಮುಂದೆ ಯಾರನ್ನೂ ತಡೆದು ನಿಲ್ಲಿಸಲಾಗುವುದಿಲ್ಲ. ಎರಡನೇ ಸಭೆಯಲ್ಲಿ ಪ್ರತಿಯೊಬ್ಬರೂ ಕಳ್ಳನ ಹೆಸರನ್ನು ಚೀಟಿಯಲ್ಲಿ ಬರೆದು ಮಡಿಸಿ ಒಬ್ಬರ ಹತ್ತಿರ ಕೊಡಲಿ. ಚೀಟಿ ಕೊಟ್ಟವರು ಪುಸ್ತಕ ಬಿಡುವುದು ಅಪರೂಪ.

ಜನ ಕೈಚೆಲ್ಲುವುದು ಹೆಚ್ಚಾಗಿ ಮಿಸ್ ಕ್ಲ್ಯಾಕ್ ಭಾಗದಲ್ಲಿ. ಕಂಡಕಂಡವರ ಕೈಗೆ ಧರ್ಮದ ಕರಪತ್ರ ತುರುಕುವ ಹೆಂಗಸಿನ ಬಾಯಲ್ಲಿ ಬರುವ ಆ ಭಾಗವನ್ನು ಗಂಭೀರವಾಗಿ ಓದಿದರೆ ತಲೆನೋವು. ಅದು ಹಾಸ್ಯ ಎಂದು ಮೊದಲೇ ತಿಳಿಸಿಬಿಡಿ.

ಮೊದಲ ಎರಡು ಸಭೆಗಳ ನಡುವೆ ಚರ್ಚೆಗೆ ಬಣ್ಣದ ಬಾಗಿಲನ್ನು ಎತ್ತಿಕೊಳ್ಳಿ. ವಜ್ರ ಕಳುವಾದ ಕೋಣೆಯ, ಆಗತಾನೆ ಬಣ್ಣ ಬಳಿದ ಬಾಗಿಲ ಮೇಲೆ ಒಂದು ಕಡೆ ಉಜ್ಜಿಹೋದ ಗುರುತಿದೆ. ಬೆಳಿಗ್ಗೆ ಹನ್ನೊಂದಕ್ಕೆ ಕೋಣೆಗೆ ನುಗ್ಗಿದ ಹೆಣ್ಣಾಳುಗಳ ಲಂಗ ತಗುಲಿತೆಂದು ಮೊದಲು ಬಂದ ಪೊಲೀಸ್ ಅಧಿಕಾರಿ ತಳ್ಳಿಹಾಕುತ್ತಾನೆ. ಬಣ್ಣ ಮುಗಿದದ್ದು ಎಷ್ಟು ಹೊತ್ತಿಗೆ, ಒಣಗಲು ಎಷ್ಟು ಹೊತ್ತು ಎಂದು ಕಫ್ ಕೇಳುತ್ತಾನೆ. ಮುಗಿದದ್ದು ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ, ಒಣಗಲು ಹನ್ನೆರಡು ಗಂಟೆ ಎಂದು ಉತ್ತರ. ಅಂದರೆ ಬೆಳಗಿನ ಜಾವ ಮೂರಕ್ಕೇ ಒಣಗಿದೆ, ಹನ್ನೊಂದಕ್ಕೆ ಒಣಗಿ ಎಂಟು ಗಂಟೆ. ಲಂಗಗಳು ನಿರ್ದೋಷಿ. ಇನ್ನು ಬೇಕಾದದ್ದು ಬಣ್ಣ ಹತ್ತಿದ ಬಟ್ಟೆ. ಲೆಕ್ಕ ಮಾಡಿ ಸುಳಿವು ಕಟ್ಟುವ ಈ ಬಗೆ ಆಮೇಲೆ ಬಂದವರಿಗೆಲ್ಲ ಮೇಲ್ಪಂಕ್ತಿಯಾಯಿತು.

ಮುಂದಿನ ಸರದಿಗೆ ಉಂಬರ್ಟೊ ಎಕೋನ ‘ದಿ ನೇಮ್ ಆಫ್ ದಿ ರೋಸ್’ (1980). 1327ರ ಮಠದಲ್ಲಿ ಏಳು ದಿನಗಳ ಕಥೆ, ಪುಸ್ತಕವೂ ಏಳು ದಿನಗಳಾಗಿಯೇ ಹಂಚಿದೆ. ವಾರಕ್ಕೊಂದು ದಿನ ಓದಿದರೆ ಏಳು ವಾರ. ಮೊದಲ ನೂರು ಪುಟ ಕಷ್ಟ, ಎಕೋ ಬೇಕೆಂದೇ ಹಾಗಿಟ್ಟದ್ದು. ಲ್ಯಾಟಿನ್ ವಾಕ್ಯ ಬಂದಾಗ ನಿಘಂಟು ಹುಡುಕುತ್ತ ಕೂರಬೇಡಿ.

ಪ್ರಶ್ನೆ: ಗೆಳತಿಗೆ ಪುಸ್ತಕ ಹೇಳುವಾಗ ಗುಟ್ಟು ಬಿಡದೆ ಹೇಗೆ ಆಸೆ ಹುಟ್ಟಿಸುವುದು?

ಮೊದಲ ಮೂವತ್ತು ಪುಟದಲ್ಲಿ ಇರುವುದನ್ನಷ್ಟೇ ಹೇಳಿ. ಸಾರಾ ವಾಟರ್ಸ್‌ಳ ‘ಫಿಂಗರ್‌ಸ್ಮಿತ್’ (2002) ಆದರೆ: ಕಳ್ಳರ ಮನೆಯಲ್ಲಿ ಬೆಳೆದ ಹುಡುಗಿ, ಸೇವಕಿಯ ವೇಷದಲ್ಲಿ ದೊಡ್ಡ ಮನೆ ಸೇರಿ ಅಲ್ಲಿನ ಆಸ್ತಿಯೊಡತಿಗೆ ಟೋಪಿ ಹಾಕಬೇಕು. ಸಾಕು, ಬಾಯಿ ಮುಚ್ಚಿ. ‘ಕೊನೆಯಲ್ಲಿ ಭಾರೀ ತಿರುವು ಇದೆ’ ಅನ್ನಲೂಬೇಡಿ, ಹಾಗಂದ ಕೂಡಲೇ ಓದುವವರು ಪ್ರತಿ ವಾಕ್ಯವನ್ನೂ ಅನುಮಾನಿಸತೊಡಗುತ್ತಾರೆ. ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್‌ರಾಯ್ಡ್’ (1926) ಹೀಗೇ ಎಷ್ಟೋ ಜನರಿಗೆ ಹಾಳಾಗಿದೆ. ಬೆನ್ನುಡಿಯನ್ನೂ ಓದಬೇಡ ಎಂದು ಹೇಳಿ ಕೊಡಿ.

ಪ್ರಶ್ನೆ: ಎಪ್ಪತ್ತು ದಾಟಿದ ನಮ್ಮ ತಂದೆಗೆ ಪತ್ತೇದಾರಿ ಇಷ್ಟ, ರಕ್ತಪಾತ ಕಷ್ಟ, ದಪ್ಪ ಪುಸ್ತಕ ಹಿಡಿಯಲು ಆಗುವುದಿಲ್ಲ.

ಜಾರ್ಜ್ ಸಿಮೆನೊನ್‌ನ ಮೆಗ್ರೆ ಸರಣಿ. 75 ಕಾದಂಬರಿಗಳಿವೆ, ಹೆಚ್ಚಿನವು ಇನ್ನೂರು ಪುಟದೊಳಗೆ. ಕ್ರಮ ಹಿಡಿದು ಓದಬೇಕಿಲ್ಲ. ಹೆಣ ಸಿಕ್ಕರೂ ಹಿಂಸೆಯ ವರ್ಣನೆ ಕಡಿಮೆ. ಕಮಿಷನರ್ ಮೆಗ್ರೆ ಪೈಪು ಸೇದುತ್ತ, ಬಿಯರ್ ಕುಡಿಯುತ್ತ, ಸತ್ತವರ ಬೀದಿಯಲ್ಲಿ ಸುಮ್ಮನೆ ಕೂತು ಜನರನ್ನು ಗಮನಿಸುತ್ತಾನೆ. ‘ದಿ ಯೆಲ್ಲೊ ಡಾಗ್’ (1931) ಇಂದ ಶುರು ಮಾಡಿಸಿ. ಕಣ್ಣಿಗೆ ತ್ರಾಸವಿದ್ದರೆ ಅಕ್ಷರ ಹಿಗ್ಗಿಸಬಹುದಾದ ಇ-ಪುಸ್ತಕವೇ ವಾಸಿ.