ಹಳೇ ಥಿಂಕ್‌ಪ್ಯಾಡ್ ಎಕ್ಸ್220 ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಹೆಚ್ಚಿಸಬೇಕೇ?

ಮೊದಲು ಒಂದು ಪರೀಕ್ಷೆ ಮಾಡಿ. ದಿನಾ ಬಳಸುವಷ್ಟೇ ಟ್ಯಾಬು, ಫೈಲು ತೆರೆದಿಟ್ಟು ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ನೋಡಿ. 90% ಹತ್ತಿರ ನಿಂತಿದ್ದರೆ ವಿಂಡೋಸ್ ರ‍್ಯಾಮಿನಲ್ಲಿ ಹಿಡಿಯದ್ದನ್ನು ಡಿಸ್ಕಿಗೆ ಸಾಗಿಸುತ್ತಿದೆ ಎಂದರ್ಥ. ಟ್ಯಾಬ್ ಬದಲಿಸಿದಾಗಲೆಲ್ಲ ಹಾರ್ಡ್‌ಡಿಸ್ಕ್ ದೀಪ ಮಿನುಗುತ್ತಲೇ ಇರುವುದು ಅದಕ್ಕೇ. ಆಗ ರ‍್ಯಾಮ್ ಹಾಕಿಸಿ. ಅರ್ಧ ಖಾಲಿಯಿದ್ದೂ ನಿಧಾನವಾದರೆ ರ‍್ಯಾಮಿಗೆ ದುಡ್ಡು ಸುರಿಯಬೇಡಿ, ಹಾರ್ಡ್‌ಡಿಸ್ಕಿನ ಜಾಗಕ್ಕೆ 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕು) ಹಾಕಿ. ವ್ಯತ್ಯಾಸ ಆನ್ ಮಾಡಿದ ತಕ್ಷಣ ಕಾಣುತ್ತದೆ.

2011ರ ಈ ಮಾಡೆಲ್‌ನಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದಲ್ಲ, ಎರಡು ಸ್ಲಾಟ್ ಇವೆ. ಕಂಪನಿ ಹೇಳುವ ಮಿತಿ 8 ಜಿಬಿ, ಆದರೆ 16 ಕೂಡ ಓಡುತ್ತದೆ. ಬ್ರೌಸರು, ಆಫೀಸ್ ಕೆಲಸಕ್ಕೆ ನನ್ನ ಪ್ರಕಾರ 8 ಸಾಕು. ಕೊಳ್ಳಬೇಕಾದ್ದು 204 ಪಿನ್ನಿನ ಡಿಡಿಆರ್3 ಸೋಡಿಮ್, ಅಂದರೆ ಲ್ಯಾಪ್‌ಟಾಪಿನ ಚಿಕ್ಕ ರ‍್ಯಾಮ್ ಪಟ್ಟಿ. ಡೆಸ್ಕ್‌ಟಾಪಿನದ್ದಾಗಲಿ ಮುಂದಿನ ತಲೆಮಾರಿನ ಡಿಡಿಆರ್4 ಆಗಲಿ ಕೂರುವುದೇ ಇಲ್ಲ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಹುಡುಕಿ, ಅಂಗಡಿಯಲ್ಲೇ ಹಾಕಿಸಿ ನೋಡಿ ತನ್ನಿ.

ಇನ್ನೊಂದು ಮುಖ್ಯ ವಿಷಯ. ವಿಂಡೋಸ್ 10ರ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವ ಮನಸ್ಸಿದ್ದರೆ ಖರ್ಚು ಸಾರ್ಥಕ. ವಿಂಡೋಸೇ ಬೇಕೆಂದರೆ ಆ ಹಣವನ್ನು ಬೇರೆ ಲ್ಯಾಪ್‌ಟಾಪಿಗೆ ಉಳಿಸಿಕೊಳ್ಳಿ.