‘ಎರಡು ಆಳ್ವಿಕೆಗಳು’ ಲೇಖನದ ಕುರಿತು ಲೇಖಕರಿಗೆ

ಮಾನ್ಯರೇ,

ಹಿಟ್ಲರನ ಕಾಲದ ಜರ್ಮನಿಯ ಕ್ರೈಸ್ತಸಭೆಗಳನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೂ ಕೈಬಿಡಬಾರದ ಬರಹ ಇದು ಎಂದು ನನಗೆ ನಿಜವಾಗಿ ಅನ್ನಿಸಿರುವುದರಿಂದ ಕಾರಣಗಳನ್ನು ವಿವರಿಸುತ್ತೇನೆ.

ಐಹಿಕ ಮತ್ತು ಆತ್ಮಿಕ ಆಳ್ವಿಕೆಗಳನ್ನು ಬೇರ್ಪಡಿಸಿದ, ಹದಿನಾರನೆಯ ಶತಮಾನದ ಜರ್ಮನ್ ಮತಸುಧಾರಕ ಮಾರ್ಟಿನ್ ಲೂಥರರ ಬೋಧನೆ ಸಭೆಯನ್ನು ಸರ್ವಾಧಿಕಾರಿಯ ಮುಂದೆ ಮೂಕವಾಗಿಸಿತು, ಬದುಕಿನ ಎಲ್ಲ ಕ್ಷೇತ್ರಗಳಿಗೂ ಕ್ರಿಸ್ತನೊಬ್ಬನೇ ಒಡೆಯನೆಂದ ಸ್ವಿಸ್ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್‌ರ ಬೋಧನೆ ಎದುರು ನಿಲ್ಲುವ ಬಲ ಕೊಟ್ಟಿತು ಎಂಬುದು ನಿಮ್ಮ ವಾದ. ಅದಕ್ಕೆ ಆಧಾರವಿದೆ. ಸಭೆಯನ್ನು ನಾತ್ಸಿ ಆಡಳಿತದ ಹಿಡಿತಕ್ಕೆ ಒಪ್ಪಿಸುವುದನ್ನು ವಿರೋಧಿಸಿದ 1934ರ ಮೇ ತಿಂಗಳ ಬಾರ್ಮೆನ್ ಘೋಷಣೆಯನ್ನು ಬಹುಮಟ್ಟಿಗೆ ರಚಿಸಿದವರು ಬಾರ್ತ್. ಮರುತಿಂಗಳೇ ಲೂಥರನ್ ವಿದ್ವಾಂಸರಾದ ವೆರ್ನರ್ ಎಲರ್ಟ್ ಮತ್ತು ಪೌಲ್ ಆಲ್ಟ್‌ಹೌಸ್ ಸಹಿ ಹಾಕಿದ ಆನ್ಸ್‌ಬಾಖ್ ಹೇಳಿಕೆಯು ಹಿಟ್ಲರನನ್ನು ಕೊಟ್ಟದ್ದಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿತು. ನೀವು ಅಲ್ಲಿಗೇ ನಿಂತುಬಿಟ್ಟಿದ್ದೀರಿ. ನಾರ್ವೆಯಲ್ಲಿ 1942ರಲ್ಲಿ ಬಿಷಪ್ ಐವಿಂಡ್ ಬೆರ್ಗ್‌ಗ್ರಾವ್ ಮತ್ತು ಅವರ ಜೊತೆಯ ಬಿಷಪ್‌ಗಳು, ಆಮೇಲೆ ಈಸ್ಟರ್ ಹೊತ್ತಿಗೆ ಬಹುಪಾಲು ಪಾದ್ರಿಗಳು, ನಾತ್ಸಿಗಳ ಕೈಗೊಂಬೆಯಾಗಿದ್ದ ಕ್ವಿಸ್ಲಿಂಗನ ಸರ್ಕಾರದಡಿಯ ಹುದ್ದೆಗಳನ್ನು ತೊರೆದರು. ಅವರು ಬೆರಳಿಟ್ಟು ತೋರಿಸಿದ್ದು ಅದೇ ಲೂಥರರ ಬೋಧನೆಯನ್ನು: ಅರಸರ ಕಾನೂನು ದೇಹಕ್ಕೂ ಆಸ್ತಿಗೂ ಸಲ್ಲುತ್ತದೆ, ಆತ್ಮದ ಮೇಲೆ ಅದಕ್ಕೆ ಹಕ್ಕಿಲ್ಲವೆಂದು ಲೂಥರ್ 1523ರಲ್ಲೇ ಬರೆದಿದ್ದರು. ಒಂದೇ ಬೋಧನೆ ಆನ್ಸ್‌ಬಾಖ್‌ನಲ್ಲಿ ಮಣಿಯಲು, ಓಸ್ಲೋದಲ್ಲಿ ಮಣಿಯದಿರಲು ಆಸರೆಯಾದದ್ದು ಹೇಗೆಂದು ಕೇಳದೆ ನಿಮ್ಮ ಹೋಲಿಕೆ ನಿಲ್ಲುವುದಿಲ್ಲ.

ಭಾಷೆಯ ತೊಡಕು ಇದಕ್ಕಿಂತ ಆಳವಾದದ್ದು. ಸರ್ಕಾರದ ಅಧಿಕಾರಕ್ಕೂ ಕ್ರಿಸ್ತನ ಒಡೆತನಕ್ಕೂ ನೀವು ‘ಪ್ರಭುತ್ವ’ ಎಂಬ ಒಂದೇ ಪದವನ್ನು ಬಳಸಿದ್ದೀರಿ. ‘ಪ್ರಭುತ್ವಕ್ಕೆ ವಿಧೇಯತೆ’ ಎಂದಾಗ ಯಾರಿಗೆ ಎಂದು ಓದುಗರಿಗೆ ತಿಳಿಯುವುದಿಲ್ಲ. ಆ ಕಾಲದ ಜಗಳವೆಲ್ಲ ನಡೆದದ್ದು ಇದೇ ಪ್ರಶ್ನೆಯ ಮೇಲೆ. ಸರ್ಕಾರಕ್ಕೆ ‘ಪ್ರಭುತ್ವ’ವನ್ನು ಬಿಟ್ಟುಕೊಟ್ಟು, ಕ್ರಿಸ್ತನ ಮಾತು ಬಂದಾಗ ನಮ್ಮ ಬೈಬಲಿನ ‘ಕರ್ತ’ನಿಂದ ಬರುವ ‘ಕರ್ತತ್ವ’ವನ್ನು ಇಟ್ಟುಕೊಳ್ಳಿ. ಬಾರ್ಮೆನ್‌ನ ಐದನೆಯ ಕಲಮು ನ್ಯಾಯ ಮತ್ತು ಶಾಂತಿಗಾಗಿ ಸರ್ಕಾರವನ್ನು ದೇವರೇ ನೇಮಿಸಿದ್ದಾನೆಂದು ಒಪ್ಪುತ್ತದೆ, ಅದು ಬದುಕಿನ ಏಕೈಕ ವ್ಯವಸ್ಥೆಯಾಗುವುದನ್ನು ಮಾತ್ರ ತಿರಸ್ಕರಿಸುತ್ತದೆ ಎಂಬುದೂ ಆಗ ನಿಮಗೇ ಸ್ಪಷ್ಟವಾಗಿ ಕಾಣುತ್ತದೆ.

ಕೊನೆಯದಾಗಿ, ನಿಮ್ಮ ಬಾರ್ತ್ ಕಳಂಕವೇ ಇಲ್ಲದ ವ್ಯಕ್ತಿ. ಬಾರ್ಮೆನ್ ಘೋಷಣೆಯಲ್ಲಿ ಯೆಹೂದ್ಯರ ಬಗ್ಗೆ ಒಂದು ಮಾತೂ ಇಲ್ಲ. ಅದು ತನ್ನ ತಪ್ಪೆಂದು ಬಾರ್ತ್ 1967ರ ಪತ್ರವೊಂದರಲ್ಲಿ ಒಪ್ಪಿಕೊಂಡರು. ಆ ಮೌನವನ್ನು ಲೇಖನದ ನಡುವೆಯೇ ಇಟ್ಟು ಮತ್ತೆ ಬರೆಯಿರಿ. ಬರೆದು ಕಳುಹಿಸಿದರೆ ಮೊದಲಿನಿಂದ ಓದುತ್ತೇನೆ.

ಸಂಪಾದಕ