ಚೌಕಿಯಲ್ಲಿ ತುಳು, ರಂಗದಲ್ಲಿ ಕನ್ನಡ

ಪ್ರಶ್ನೆ: ಮಂಗಳೂರಿನ ಹತ್ತಿರ ನೆಂಟರ ಮನೆಯಲ್ಲಿ ಯಕ್ಷಗಾನ ನೋಡಿದೆ. ಮನೆಯವರು, ಕಲಾವಿದರು ಎಲ್ಲರೂ ತುಳು ಮಾತಾಡುವವರೇ. ಆದರೆ ಆಟ ಪೂರ್ತಿ ಕನ್ನಡದಲ್ಲಿ, ಅದೂ ನಮಗೇ ಬಾರದಂಥ ಕನ್ನಡದಲ್ಲಿ! ಇದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ನೀವು ನೋಡಿದ್ದು ಹರಕೆ ಆಟ ಇರಬೇಕು. ಮಗುವಿಗೆ ಹುಷಾರಿಲ್ಲ, ಜಾಗದ ತಕರಾರು, ಏನೇ ಇರಲಿ, ನಮ್ಮ ಕಡೆ ಕಟೀಲಿನ ದೇವಿ ದೇವಸ್ಥಾನದ ಮೇಳದ, ಅಂದರೆ ತಂಡದ, ಆಟ ಆಡಿಸುತ್ತೇವೆ ಎಂದು ಹೇಳಿಕೊಳ್ಳುತ್ತಾರೆ. ಹರಕೆ ಹೊರುವುದು ತುಳುವಿನಲ್ಲಿ, ತೀರಿಸುವುದು ಕನ್ನಡದಲ್ಲಿ. ದೇವಿಗೆ ಎರಡೂ ಬರುತ್ತದೆ, ಅಲ್ವಾ?

ಆಟಕ್ಕೆ ಮುಂಚೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿದ್ದರೆ ಇನ್ನೂ ಮಜಾ ಸಿಗುತ್ತಿತ್ತು. ಅರ್ಧ ಬಣ್ಣ ಹಚ್ಚಿಕೊಂಡ ಮಹಿಷಾಸುರ ‘ಚಾ ಉಂಡಾ?’ (ಚಹಾ ಇದೆಯಾ?) ಎಂದು ತುಳುವಿನಲ್ಲಿ ವಿಚಾರಿಸುತ್ತಿರುತ್ತಾನೆ. ಪಕ್ಕದ ದೇವೇಂದ್ರ ಕಾಸರಗೋಡಿನವನಾದರೆ ಫೋನಿನಲ್ಲಿ ಮಲಯಾಳ ನಡೆದಿರುತ್ತದೆ. ಕಿರೀಟ ಏರಿತೋ, ಮುಗಿಯಿತು. ಉರಿಯುವ ಸೂಟೆಗಳ (ಪಂಜುಗಳ) ನಡುವೆ, ಜನರ ಮಧ್ಯದಿಂದಲೇ ಅಬ್ಬರಿಸುತ್ತಾ ಬರುವ ಅದೇ ಮಹಿಷಾಸುರನ ಬಾಯಲ್ಲಿ ತುಳು ಇಲ್ಲ. ಇಂಗ್ಲಿಷ್ ಅಂತೂ ಕೇಳಲೇಬೇಡಿ. ‘ಟೈಮ್’ ಎಂಬ ಒಂದು ಮಾತು ಜಾರಿದರೂ ಮುಂದಿನ ಸಾಲಿನ ಅಜ್ಜಂದಿರು ನಗುತ್ತಾರೆ.

ಬರೆದಿಟ್ಟಿರುವುದು ಭಾಗವತರು ಹಾಡುವ ಪದ್ಯ ಮಾತ್ರ. ಅದಕ್ಕೆ ಪಾತ್ರಧಾರಿ ಹೇಳುವ ಅರ್ಥ, ಅಂದರೆ ಮಾತು, ರಂಗದಲ್ಲೇ ಹುಟ್ಟಬೇಕು. ಆ ಕನ್ನಡ ಮನೆಯಿಂದ ಬಂದದ್ದಲ್ಲ. ಹಿರಿಯರ ಮಾತು ಕೇಳಿ, ಕುಮಾರವ್ಯಾಸನನ್ನು, ಜೈಮಿನಿ ಭಾರತವನ್ನು, ತೊರವೆ ರಾಮಾಯಣವನ್ನು ಓದಿ ಬಂದದ್ದು. ವೇಷ, ಗೆಜ್ಜೆ ಏನೂ ಇಲ್ಲದೆ ಕೂತಲ್ಲೇ ವಾದ ಮಾಡುವ ತಾಳಮದ್ದಳೆ ಇದಕ್ಕೆ ಗರಡಿಮನೆ. ‘ಮರೆಯಲ್ಲಿ ನಿಂತು ಏಕೆ ಬಾಣ ಬಿಟ್ಟೆ?’ ಎಂದು ವಾಲಿ ಕೇಳಿದರೆ ರಾಮ ಅಲ್ಲೇ ಉತ್ತರ ಹುಡುಕಬೇಕು. ತಡವರಿಸಿದರೆ ಸಭೆ ವಾಲಿಯ ಕಡೆ!

ನನಗನಿಸುವುದು, ಇದು ಹೆಚ್ಚಿನವರಿಗೆ ಮನೆಮಾತಲ್ಲ ಎಂಬ ಕಾರಣಕ್ಕೇ ಇಷ್ಟು ಚೊಕ್ಕವಾಗಿ ಉಳಿದಿದೆ. ಮನೆಮಾತನ್ನು ನಾವು ಸುಮ್ನೆ ಅರ್ಧ ನುಂಗಿಬಿಡುತ್ತೇವೆ. ಕಲಿತ ಮಾತಿನಲ್ಲಿ ಅಷ್ಟು ಸಲಿಗೆ ಇರುವುದಿಲ್ಲ. ಹಾಸ್ಯಗಾರನಿಗೆ ಮಾತ್ರ ವಿನಾಯಿತಿ. ಬಡಗುತಿಟ್ಟಿನಲ್ಲಿ, ಅಂದರೆ ಉತ್ತರದ ಕಡೆಯ ಶೈಲಿಯಲ್ಲಿ, ಅವನ ಕುಂದಾಪ್ರ ಕನ್ನಡ ಕೇಳುವುದಕ್ಕೆಂದೇ ನಿದ್ದೆಗೆಡುವವರಿದ್ದಾರೆ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆಟಕ್ಕೆ ಗಡಿ ಬೀಳಲಿಲ್ಲ. ಅಲ್ಲಿನ ಕುಂಬಳೆಯ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ರಾಮಾಯಣದ ಪ್ರಸಂಗಗಳನ್ನು ಇವತ್ತಿಗೂ ಎರಡೂ ಕಡೆ ಆಡುತ್ತಾರೆ.

ಇಂಥ ಇನ್ನೊಂದು ಊರು ತಂಜಾವೂರಿನ ಬಳಿಯ ಮೆಲಟ್ಟೂರು. ಸುತ್ತಲೂ ತಮಿಳು. ಆದರೆ ನರಸಿಂಹ ಜಯಂತಿಗೆ ಭಾಗವತ ಮೇಳದವರು ಆಡುವ ಪ್ರಹ್ಲಾದನ ನಾಟಕ ತೆಲುಗಿನದು, ವೆಂಕಟರಾಮ ಶಾಸ್ತ್ರಿ ಬರೆದದ್ದು. ಹೆಣ್ಣು ವೇಷವನ್ನೂ ಗಂಡಸರೇ ಹಾಕುತ್ತಾರೆ. ವಿಜಯನಗರದ ಕಡೆಯಿಂದ ಬಂದ ನಾಯಕ ಅರಸರು ತಂಜಾವೂರಿನಲ್ಲಿ ತೆಲುಗಿಗೆ ಕೊಟ್ಟ ಆಸರೆ ಇದರ ಹಿಂದಿದೆ. ಮುಂದೆ ಬಂದ ಮರಾಠಾ ದೊರೆಗಳೂ ಅದನ್ನು ಕೈಬಿಡಲಿಲ್ಲ. ಅವರಲ್ಲಿ ಶಾಹಜಿ ತಾನೇ ತೆಲುಗಿನಲ್ಲಿ ನಾಟಕ ಬರೆದ. ಮರಾಠಿ ದೊರೆ, ತಮಿಳು ಸೀಮೆ, ತೆಲುಗು ನಾಟಕ!

ಪ್ರಶ್ನೆ: ಹಾಗಾದರೆ ತುಳು ಪ್ರಸಂಗಗಳು ಅಸಲಿ ಯಕ್ಷಗಾನ ಅಲ್ಲವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಅಸಲಿಯೇ. ಚೆಂಡೆ, ಮದ್ದಳೆ, ತಾಳ ಎಲ್ಲ ಅದೇ. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಕಥೆಯನ್ನು ತುಳುವಿನಲ್ಲಿ ಕೇಳದೆ ಇನ್ಯಾವುದರಲ್ಲಿ ಕೇಳುತ್ತೀರಿ? ಕರ್ನಾಟಕ ಮೇಳ ದೊಡ್ಡ ಹೆಸರು ಮಾಡಿದ್ದೇ ತುಳು ಪ್ರಸಂಗಗಳಿಂದ. ನನ್ನ ತಕರಾರು ಏನಿದ್ದರೂ ನಡುವೆ ತುರುಕುವ ಸಿನಿಮಾ ಜೋಕುಗಳ ಬಗ್ಗೆ. ಅದು ಕನ್ನಡದ ಆಟದಲ್ಲೂ ಈಗ ಜಾಸ್ತಿಯಾಗಿದೆ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಆ ಕನ್ನಡ ಅರ್ಥವಾಗುವುದಿಲ್ಲ. ಆಟಕ್ಕೆ ಕರೆದೊಯ್ಯಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಧಾರಾಳವಾಗಿ. ತಾಳಮದ್ದಳೆಗೆ ಮಾತ್ರ ಬೇಡ, ಮತ್ತೆ ಈ ಕಡೆ ತಲೆ ಹಾಕಲಾರ. ಅಭಿಮನ್ಯು ಕಾಳಗ ಇದ್ದರೆ ನೋಡಿ, ಕಥೆಯನ್ನು ಮನೆಯಲ್ಲೇ ಹೇಳಿಟ್ಟಿರಿ. ಮುಂದೆ ಕೂರಿಸಿ, ಆದರೆ ಚೆಂಡೆಯ ಪಕ್ಕದಲ್ಲಿ ಅಲ್ಲ. ರಾತ್ರಿಯಿಡೀ ಕೂರಬೇಕಿಲ್ಲ, ಈಗ ಕಾಲಮಿತಿ ಆಟಗಳೇ ಬೇಕಾದಷ್ಟು ಸಿಗುತ್ತವೆ.